ಮೆಟ್ಟಿಲು ಹತ್ತಿದವರಿಗೆ ಹೆಚ್ಚು ಪುಣ್ಯವೇ?



ಚಾಮುಂಡಿ ಬೆಟ್ಟಕ್ಕೆ ಮೈಸೂರಿನಿಂದ ಬರುವವರು ಹೆಚ್ಚಾಗಿ ಹಿಡಿಯುವ ದಾರಿ ಎರಡು. ಒಂದು ಸುತ್ತಿ ಬರುವ ವಾಹನದ ರಸ್ತೆ, ಸುಮಾರು 13 ಕಿಲೋಮೀಟರು. ಇನ್ನೊಂದು ಬೆಟ್ಟದ ಪಾದದಿಂದ ನೆಟ್ಟಗೆ ಏರುವ ಮೆಟ್ಟಿಲು ದಾರಿ. ಸಾವಿರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳು. ಗಟ್ಟಿ ಕಾಲಿನವರಿಗೆ ಮುಕ್ಕಾಲು ಗಂಟೆ, ನಿಧಾನವಾಗಿ ಬರುವವರಿಗೆ ಒಂದೂವರೆ ಗಂಟೆ ಬೇಕು. ಯಾವ ದಾರಿಯಲ್ಲಿ ಬಂದವರೂ ಕೊನೆಗೆ ನಿಲ್ಲುವುದು ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ ಗೋಪುರದ ಮುಂದೆಯೇ.

ಅಲ್ಲಿ ಒಂದು ಪ್ರಶ್ನೆ ಏಳುತ್ತದೆ. "ಸ್ವಾಮಿ, ನಾವು ಮೆಟ್ಟಿಲು ಹತ್ಕೊಂಡು ಬಂದಿದೀವಿ. ನಮಗೂ ಕಾರಿನಲ್ಲಿ ಬಂದೋರಿಗೂ ಒಂದೇ ಸಾಲಾ?" ಅಂತ ಕೇಳುವವರು ಬಹಳ ಮಂದಿ. ಬೆವರು ಒರೆಸಿಕೊಳ್ಳುತ್ತಾ ಕೇಳುವ ಮಾತು, ಅದರಲ್ಲಿ ತಪ್ಪೇನೂ ಇಲ್ಲ. ಸಾಲು ಹೇಗಿರಬೇಕು ಅನ್ನೋದು ವ್ಯವಸ್ಥೆಗೆ ಸೇರಿದ ವಿಷಯ, ಅದನ್ನು ಇಲ್ಲಿ ಬಿಡೋಣ. ಆದರೆ ಆ ಪ್ರಶ್ನೆಯ ಹೊಟ್ಟೆಯಲ್ಲಿ ಇನ್ನೊಂದು ಪ್ರಶ್ನೆ ಇದೆ. ಕಷ್ಟಪಟ್ಟು ಬಂದವನಿಗೆ ತಾಯಿಯ ಹತ್ತಿರ ಹೆಚ್ಚಿನ ಹಕ್ಕು ಇದೆಯೇ? ಸುಲಭವಾಗಿ ಬಂದವನಿಗೆ ಪುಣ್ಯ ಕಡಿಮೆಯೇ? ಇದನ್ನು ಸ್ವಲ್ಪ ವಿಚಾರ ಮಾಡೋಣ.

ಮೊದಲು ಮೆಟ್ಟಿಲಿನ ವಿಷಯವನ್ನೇ ತೆಗೆದುಕೊಳ್ಳಿ. ಈ ಮೆಟ್ಟಿಲುಗಳನ್ನೂ ದಾರಿಯಲ್ಲಿ ಕುಳಿತಿರುವ ದೊಡ್ಡ ನಂದಿಯನ್ನೂ ಮಾಡಿಸಿದವರು 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರು. ಅದಕ್ಕೂ ಮುಂಚೆ ತಾಯಿಯ ದರ್ಶನಕ್ಕೆ ಬಂದವರು ಕಲ್ಲು ಮುಳ್ಳಿನ ನಡುವೆ ಕಾಲುದಾರಿ ಮಾಡಿಕೊಂಡೇ ಏರಬೇಕಾಗಿತ್ತು. ಅರಸರು ಮೆಟ್ಟಿಲು ಹಾಕಿಸಿದ್ದು ಭಕ್ತರಿಗೆ ಕಷ್ಟ ಕೊಡಲಿ ಅಂತಲ್ಲ, ಇದ್ದ ಕಷ್ಟ ಕಡಿಮೆಯಾಗಲಿ ಅಂತ. ಅಂದಿನ ಕಾಲಕ್ಕೆ ಮೆಟ್ಟಿಲೇ ಟಾರು ರಸ್ತೆ! ಮುಳ್ಳು ತುಳಿದು ಬಂದ ಆ ಕಾಲದ ಮುದುಕನೊಬ್ಬ "ಮೆಟ್ಟಿಲಲ್ಲಿ ಬಂದವರದ್ದೂ ಒಂದು ಭಕ್ತಿಯೇ?" ಅಂದಿದ್ದರೆ ಇಂದು ಮೆಟ್ಟಿಲು ಹತ್ತುವ ನಾವು ಏನು ಉತ್ತರ ಕೊಡುತ್ತಿದ್ದೆವು? ಒಬ್ಬರು ಮಾಡಿಟ್ಟ ಅನುಕೂಲದ ಮೇಲೆ ಕಾಲಿಟ್ಟು ಬಂದವನು, ಇನ್ನೊಂದು ಅನುಕೂಲದಲ್ಲಿ ಬಂದವನನ್ನು ಹೀಗಳೆಯುವುದು ನ್ಯಾಯವಲ್ಲ.

ಇನ್ನೊಂದು ಉದಾಹರಣೆ ನೋಡಿ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕೊರೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಪಾದರಕ್ಷೆ ಕೆಳಗೇ ಬಿಟ್ಟು ಹತ್ತಬೇಕು. ಹತ್ತಲಾರದ ವೃದ್ಧರನ್ನು ಡೋಲಿಯಲ್ಲಿ ಹೊತ್ತುಕೊಂಡು ಹೋಗುತ್ತಾರೆ. ಮೆಟ್ಟಿಲಿನ ಲೆಕ್ಕವೇ ಪುಣ್ಯದ ಲೆಕ್ಕವಾದರೆ ಆ ಡೋಲಿ ಹೊರುವವನಿಗಿಂತ ದೊಡ್ಡ ಪುಣ್ಯವಂತ ಇನ್ನೊಬ್ಬನಿಲ್ಲ. ಅವನು ತನ್ನ ಭಾರದ ಜೊತೆ ಇನ್ನೊಬ್ಬರ ಭಾರವನ್ನೂ ಹೊತ್ತು ಮತ್ತೆ ಮತ್ತೆ ಹತ್ತುತ್ತಾನೆ. ಅವನು ಬಂದಾಗ ನಾವು ಯಾರಾದರೂ "ನೀನು ಮುಂದೆ ಹೋಗಪ್ಪ" ಅಂತ ಜಾಗ ಬಿಡುತ್ತೇವೆಯೇ? ಇಲ್ಲ. ಅಂದ ಮೇಲೆ ನಾವು ಲೆಕ್ಕ ಹಾಕುವುದು ಶ್ರಮವನ್ನಲ್ಲ, ನಮ್ಮ ಶ್ರಮವನ್ನು ಮಾತ್ರ.

ಇನ್ನು ಭಕ್ತಿಗಲ್ಲದೆ ಬರುವವರ ಮಾತು. ಬೆಳಿಗ್ಗೆ ಕತ್ತಲಿರುವಾಗಲೇ ಮೈಸೂರಿನ ಹುಡುಗರು, ನಿವೃತ್ತರು, ಹೆಣ್ಣುಮಕ್ಕಳು ಗುಂಪುಗುಂಪಾಗಿ ಮೆಟ್ಟಿಲು ಹತ್ತುತ್ತಾರೆ. ಕೆಲವರು ವ್ಯಾಯಾಮಕ್ಕೆ, ಕೆಲವರು ಸೂರ್ಯೋದಯ ನೋಡುವುದಕ್ಕೆ. ಗುಡಿಯೊಳಗೆ ಬಾರದೆ ಹಾಗೇ ಇಳಿದು ಹೋಗುವವರೂ ಇದ್ದಾರೆ. "ಇವರೇನು ಭಕ್ತರೇ? ಬೆಟ್ಟಾನ ಪಾರ್ಕು ಮಾಡ್ಕೊಂಡವ್ರೆ" ಎಂದು ಹಿರಿಯರು ಗೊಣಗುವುದುಂಟು. ಅದೇ ಮೆಟ್ಟಿಲಿನಲ್ಲಿ ಹರಕೆ ಹೊತ್ತ ತಾಯಂದಿರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಬರುತ್ತಾರೆ. ಅವರ ಕಣ್ಣಿಗೆ ಕಾಣುವುದು ಕಲ್ಲು ಮಾತ್ರ, ಊರು ಕಾಣುವುದಿಲ್ಲ. ಓಡುತ್ತಾ ಹತ್ತುವ ಹುಡುಗನಿಗೆ ಊರು ಕಾಣುತ್ತದೆ, ಕಾಲ ಕೆಳಗಿನ ಕುಂಕುಮ ಕಾಣುವುದಿಲ್ಲ. ಇಬ್ಬರಲ್ಲಿ ಬೆಟ್ಟವನ್ನು ನೋಡಿದವರು ಯಾರು?

ನನ್ನ ಅಲ್ಪಬುದ್ಧಿಗೆ ತೋಚುವುದು ಇಷ್ಟು. ನಾವು ದೇವರ ಮುಂದೆ ನಿಲ್ಲುವುದಕ್ಕೆ ದರ್ಶನ ಎನ್ನುತ್ತೇವೆ. ಆ ಮಾತಿನ ಅರ್ಥವೇ ನೋಡುವುದು ಅಂತ. ಸಮುದ್ರಮಟ್ಟದಿಂದ ಸುಮಾರು 3,489 ಅಡಿ, ಊರಿನಿಂದ ಸುಮಾರು ಸಾವಿರ ಅಡಿ ಎತ್ತರದ ಈ ಜಾಗದಲ್ಲಿ ನಿಂತು ಹಿಂತಿರುಗಿದರೆ ಅರಮನೆಯ ಗುಮ್ಮಟಗಳು, ಬೆಳ್ಳಗೆ ಹೊಳೆಯುವ ಲಲಿತಮಹಲ್, ಕುದುರೆ ರೇಸಿನ ಮೈದಾನ, ಕಾರಂಜಿ ಕೆರೆ ಎಲ್ಲವೂ ಕಾಣುತ್ತವೆ. ಮೈಸೂರಿನವರು ಮೊದಲು ಹುಡುಕುವುದು ತಮ್ಮ ಬಡಾವಣೆಯನ್ನ, ಆಮೇಲೆ ತಮ್ಮ ಮನೆಯನ್ನ. ಬಡಾವಣೆ ಸಿಗುತ್ತದೆ, ಮನೆ ಸಿಗುವುದಿಲ್ಲ. ಪಕ್ಕದ ಮನೆಯವರ ಜೊತೆ ಅರ್ಧ ಅಡಿ ಕಾಂಪೌಂಡಿಗೆ ಹತ್ತು ವರ್ಷ ಕೋರ್ಟು ಅಲೆದವರಿಗೂ ಆ ಗೋಡೆ ಇಲ್ಲಿಂದ ಕಾಣುವುದಿಲ್ಲ. ಅದನ್ನು ನೋಡಿ ಒಂದು ನಿಮಿಷ ಸುಮ್ಮನಾದವನಿಗೆ ತಾಯಿ ತನ್ನದೇ ರೀತಿಯಲ್ಲಿ ಏನೋ ತೋರಿಸಿದಳು ಅಂತಲೇ ತಿಳಿಯಬೇಕು. ಅವನು ಇಂದು ಗುಡಿಯೊಳಗೆ ಬರದಿದ್ದರೆ ನಾಳೆ ಬಂದಾನು. ಬರದಿದ್ದರೂ ಅವನನ್ನು ತಡೆಯಲು ನಾವು ಯಾರು?

ಹಾಗಾದರೆ ಹರಕೆ ಸುಳ್ಳೇ, ಹತ್ತುವುದು ವ್ಯರ್ಥವೇ ಎಂದು ಕೇಳಬಹುದು. ಖಂಡಿತ ಅಲ್ಲ. ಮಗುವಿಗೆ ಜ್ವರ ಬಂದಾಗ, ಮಗಳ ಮದುವೆ ನಿಂತಾಗ ಹೇಳಿಕೊಂಡ ಮಾತು ಅದು. ಕೊಟ್ಟ ಮಾತು ನಡೆಸಬೇಕು. ಏರುವಾಗ ಉಸಿರು ಕಟ್ಟುತ್ತದೆ, ಮಾತು ನಿಲ್ಲುತ್ತದೆ, ಮನಸ್ಸು ಒಂದು ಕಡೆಗೆ ಬರುತ್ತದೆ. ಇದು ಹತ್ತಿದವರಿಗೇ ಗೊತ್ತು. ಆದರೆ ಹರಕೆ ಅನ್ನೋದು ತಾಯಿಗೂ ಭಕ್ತನಿಗೂ ನಡುವಿನ ಸಾಲ. ಸಾಲ ತೀರಿಸಿದವನು ಸಾಲ ಕೊಟ್ಟವರ ಹತ್ತಿರವೇ ಬಡ್ಡಿ ಕೇಳುತ್ತಾನೆಯೇ? ಹತ್ತಲು ಬೇಕಾದ ಮೊಣಕಾಲು, ಎದೆಯ ಉಸಿರು, ಬಿಡುವಿನ ಒಂದು ಬೆಳಿಗ್ಗೆ, ಇವೆಲ್ಲ ಅವಳು ಮೊದಲೇ ಕೊಟ್ಟ ಪ್ರಸಾದ.

ಅದು ಎಲ್ಲರಿಗೂ ಇರುವುದಿಲ್ಲ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಎಷ್ಟೋ ವಯಸ್ಸಾದ ತಾಯಂದಿರು ದುಡ್ಡಿಗೆ ಮಗನ ಕೈ ನೋಡದೆ ಬಸ್ಸಿನಲ್ಲಿ ಬರುವಂತಾಯಿತು. ವಯಸ್ಸಿನಲ್ಲಿ ವರ್ಷಾ ವರ್ಷಾ ಮೆಟ್ಟಿಲು ಹತ್ತಿದವರೇ ಅವರು. ಈಗ ಬಸ್ ನಿಲ್ದಾಣದಿಂದ ಗುಡಿಯವರೆಗಿನ ದಾರಿಯಲ್ಲೇ ನಾಲ್ಕು ಸಲ ಕೂರುತ್ತಾರೆ. ಆ ನಾಲ್ಕು ಹೆಜ್ಜೆಯೂ ನಮ್ಮ ಸಾವಿರ ಮೆಟ್ಟಿಲೂ ಯಾವ ತಕ್ಕಡಿಯಲ್ಲಿ ತೂಗುವುದು?

ಮೆಟ್ಟಿಲು ಹತ್ತಿ ಬಂದವರಿಗೆ ಹೆಚ್ಚಾಗಿ ಬರುವುದು ಒಂದಿದೆ, ಅದು ಹೊಣೆ. ಕಾರಿನಲ್ಲಿ ಬಂದವರಿಗೆ ಕಾಣದ್ದು ನಡೆದು ಬಂದವರಿಗೆ ಕಾಣುತ್ತದೆ. ಪೊದೆಯಲ್ಲಿ ಸಿಕ್ಕ ನೀರಿನ ಬಾಟಲಿ, ಕುಂಕುಮದ ಖಾಲಿ ಪೊಟ್ಟಣ, ಬಂಡೆಯ ಮೇಲೆ ಕೆತ್ತಿದ ಹೆಸರು ಎಲ್ಲ ಕಾಣುತ್ತದೆ. 2021ರ ಅಕ್ಟೋಬರ್ ಮಳೆಯಲ್ಲಿ ನಂದಿಗೆ ಹೋಗುವ ರಸ್ತೆ ಕುಸಿದದ್ದನ್ನು ಮೈಸೂರಿನವರು ಮರೆತಿರಲಾರರು. ಬೆಟ್ಟ ಅಂದರೆ ಬರೀ ಬಂಡೆಯಲ್ಲ. ಮಣ್ಣೂ ಇದೆ, ಆ ಮಣ್ಣನ್ನು ಹಿಡಿದಿರುವ ಗಿಡದ ಬೇರೂ ಇದೆ. ಬಳಸುದಾರಿ ಮಾಡಿ ಗಿಡ ತುಳಿದರೆ ಮಳೆ ನೀರು ಅಲ್ಲೇ ಹಾದಿ ಮಾಡಿಕೊಳ್ಳುತ್ತದೆ. ಗಟ್ಟಿ ಕಾಲಿರುವವರು ಇಳಿಯುವಾಗ ದಾರಿಯಲ್ಲಿ ಬಿದ್ದ ನಾಲ್ಕು ಬಾಟಲಿ ಹಿಡಿದುಕೊಂಡು ಹೋದರೆ ಅದು ಮೊದಲ ಸಾಲಿನ ದರ್ಶನಕ್ಕಿಂತ ಕಡಿಮೆಯಲ್ಲ.

ಮೆಟ್ಟಿಲಲ್ಲಿ ಬರುವ ಭಕ್ತರು ಬಿಸಿಲೇರುವ ಮುಂಚೆ ಹೊರಡಿ. ಕುಡಿಯುವ ನೀರು ಜೊತೆಗಿರಲಿ. ಕೋತಿಗಳಿಗೆ ಕಾಣುವಂತೆ ತಿಂಡಿ ಹಿಡಿಯಬೇಡಿ, ಅವಕ್ಕೆ ತಿನ್ನಲು ಕೊಡಲೂ ಬೇಡಿ. ಸುಮಾರು ಏಳುನೂರು ಮೆಟ್ಟಿಲಾದ ಮೇಲೆ ಒಂದೇ ಬಂಡೆಯಲ್ಲಿ ಕಡೆದ ಹದಿನೈದು ಅಡಿ ಎತ್ತರದ ನಂದಿ ಸಿಗುತ್ತಾನೆ. ಅಲ್ಲಿ ದಣಿವಾರಿಸಿಕೊಳ್ಳಿ. ಹೃದಯದ ತೊಂದರೆ, ಮೊಣಕಾಲು ನೋವು ಇರುವವರು ಯಾವ ಸಂಕೋಚವೂ ಇಲ್ಲದೆ ಬಸ್ಸಿನಲ್ಲೇ ಬನ್ನಿ. ಸಾಲಿನಲ್ಲಿ ನಿಮ್ಮ ಮುಂದೆ ನಿಂತ ಅಜ್ಜಿ ಹೇಗೆ ಬಂದರು ಅಂತ ಕೇಳಬೇಡಿ, ನಿಲ್ಲಲು ಕೈ ಆಸರೆ ಬೇಕೇ ಅಂತ ಕೇಳಿ.

ತಾಯಿ ಚಾಮುಂಡೇಶ್ವರಿ ಎಲ್ಲರಿಗೂ ಸನ್ಮಂಗಳವನ್ನುಂಟುಮಾಡಲಿ.