ಅರ್ಧ ಕೆಟ್ಟ ಮೆಷಿನ್ನು

ನನ್ನ ಸೋದರಮಾವ ಸಾಲಿಗ್ರಾಮದ ಹತ್ತಿರದ ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿ ಟೆಸ್ಟರ್ ಆಗಿದ್ದರು. ಇಪ್ಪತ್ತು ವರ್ಷದ ಹಿಂದಿನ ಮಾತು. ಜನ ತಂದ ಹಾಲಿನ ಫ್ಯಾಟ್ ನೋಡಿ ಬರೆಯೋದು ಅವರ ಕೆಲಸ. ಆ ನಂಬರಿನ ಮೇಲೇ ದುಡ್ಡು.

ಆಗ ಅಲ್ಲಿ ನಡೀತಿದ್ದದ್ದು ಗರ್ಬರ್ ಟೆಸ್ಟ್. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ 1891ರಲ್ಲಿ ಪೇಟೆಂಟ್ ಪಡೆದ ವಿಧಾನ. ಗಾಜಿನ ಬ್ಯೂಟಿರೋಮೀಟರ್‌ಗೆ 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ ಕುಲುಕಬೇಕು. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ನಿಮಿಷಕ್ಕೆ ಸುಮಾರು 1,100 ಸುತ್ತು ತಿರುಗಿಸಬೇಕು. ಆಸಿಡ್ ಹಾಲಿನ ಪ್ರೋಟೀನನ್ನು ಕರಗಿಸುತ್ತೆ, ಹಗುರವಾದ ಜಿಡ್ಡು ಬೇರೆಯಾಗಿ ಕೊಳವೆಯ ಕಿರಿದಾದ ಕತ್ತಿಗೆ ಬಂದು ಸೇರುತ್ತೆ. 65 ಡಿಗ್ರಿ ಬಿಸಿನೀರಿನಲ್ಲಿಟ್ಟು ಅಳತೆ ಓದಬೇಕು.

ಆ ವರ್ಷ ಮಳೆಗಾಲದಲ್ಲಿ ಎಲ್ಲರ ಫ್ಯಾಟೂ ಇಳಿಯಿತು. ಹಸಿ ಹುಲ್ಲು ಜಾಸ್ತಿ ಆಯ್ತು, ಒಣಮೇವು ಕಮ್ಮಿ ಆಯ್ತು ಅಂತ ಎಲ್ಲರೂ ಅಂದುಕೊಂಡರು. ಹಂಗಾಗೋದೂ ಉಂಟು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಜನ ಹುಲ್ಲು ಕೊಂಡರು, ಹಿಂಡಿ ಕೊಂಡರು. ಅನುಮಾನ ಬಂದಿದ್ದು ಮಾವನಿಗೆ, ಅದೂ ಮೆಷಿನ್ನಿನ ಸದ್ದು ಬದಲಾಗಿದೆ ಅಂತ.

ರಜಕ್ಕೆ ಹೋಗಿದ್ದ ನಾನೂ ಜೊತೆಗೆ ಕೂತೆ. ಮಾವ ಒಂದೊಂದೇ ನೋಡುತ್ತಾ ಬಂದರು. ಆಸಿಡ್ ನೀರೆಳೆದಿರಬಹುದು ಅಂತ ಹೊಸ ಬಾಟಲಿ ತೆಗೆದರು, ಫ್ಯಾಟ್ ಅಷ್ಟೇ ಬಂತು. ನೀರಿನ ಬಿಸಿ ಸರಿಯಾಗಿತ್ತು. ಕೊನೆಗೆ ಓದಿ ಮುಗಿಸಿದ್ದ ಕೊಳವೆಯನ್ನೇ ಇನ್ನೊಂದು ಸಲ ತಿರುಗಿಸಿದರು. 3.4 ಇದ್ದದ್ದು 3.6 ಆಯಿತು. ಮೊದಲ ಸಲ ಜಿಡ್ಡು ಪೂರ್ತಿ ಬಿಟ್ಟಿರಲಿಲ್ಲ, ಅಂದರೆ ಮೆಷಿನ್ನು ನಿಧಾನ ತಿರುಗುತ್ತಿತ್ತು. ಬಿಚ್ಚಿ ನೋಡಿದರೆ ಕಾರ್ಬನ್ ಬ್ರಷ್ ಸವೆದಿತ್ತು, ಬೇರಿಂಗಿನ ಗ್ರೀಸು ಅಂಟಾಗಿ ಹಿಡಿದಿತ್ತು. 1,100ರ ಬದಲು 900 ಸುತ್ತಾದರೆ ಜಿಡ್ಡನ್ನು ಬೇರೆ ಮಾಡುವ ಬಲ ಮೂರರಲ್ಲಿ ಒಂದು ಪಾಲು ಕಮ್ಮಿ, ಏಕೆಂದರೆ ಬಲ ವೇಗದ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ.

"ಪೂರ್ತಿ ಕೆಟ್ರೆ ರಿಪೇರಿ ಮಾಡಿಸ್ತೀವಿ ಕಣ್ಲಾ. ಅರ್ಧ ಕೆಟ್ರೆ ಹಸೀನ ಬಯ್ತೀವಿ" ಅಂದರು ಮಾವ.

ಕೆ.ಆರ್. ನಗರದಿಂದ ಬ್ರಷ್ ತಂದು ಹಾಕಿದ್ದಾಯಿತು. ಮಾರನೇ ದಿನ ಎಲ್ಲರ ಫ್ಯಾಟೂ ಏರಿತು. ಹಸು ಚೇತರಿಸಿಕೊಂಡಿತು ಅಂತ ಜನಕ್ಕೆ ಖುಷಿ. ಅಲ್ಲಿಗೆ ಸುಮ್ಮನಾಗಬಹುದಿತ್ತು. ಡೈರಿಯಲ್ಲೂ "ಸರಿಹೋಯ್ತಲ್ಲ, ಯಾಕೆ ಎಬ್ಬಿಸ್ತೀಯ?" ಅಂದರು. ಹಳೇ ಬಾಕಿ ಲೆಕ್ಕ ಹಾಕೋಕೂ ದಾರಿ ಇರಲಿಲ್ಲ, ಯಾವ ದಿನದಿಂದ ಎಷ್ಟು ತಪ್ಪಿದೆ ಅಂತ ಹೇಳೋದು ಹೇಗೆ? ಸಾಲದ್ದಕ್ಕೆ ಒಬ್ಬ ಅಜ್ಜಿ, ಫ್ಯಾಟ್ ಬರಲ್ಲ ಅಂತ ಹಿಂದಿನ ವಾರವೇ ಹಸು ಮಾರಿಬಿಟ್ಟಿದ್ದರು.

ಮಾವ ಸಂಜೆ ಕ್ಯಾನ್ ಹಿಡಿದು ನಿಂತ ಸಾಲಿನ ಮುಂದೆ ಎಲ್ಲವನ್ನೂ ಹೇಳಿದರು. ಬೈಸಿಕೊಂಡರು. ಆಮೇಲೆ ಆ ಅಜ್ಜಿಯ ಮನೆಗೂ ಹೊರಟರು. ನಾನು ಬೇಡ ಅಂದೆ. ಹಸು ವಾಪಸ್ ಬರಲ್ಲ, ಸುಮ್ಮನೆ ಹೊಟ್ಟೆ ಉರಿಸೋದು ಯಾಕೆ ಅನ್ನೋದು ನನ್ನ ವಾದ. ಪರಿಹಾರ ಇಲ್ಲದ ಸತ್ಯ ಹೇಳೋದು ಒಳ್ಳೇತನವಾ, ಕ್ರೌರ್ಯವಾ?

ಅಜ್ಜಿ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರೆ ನಮ್ಮಸ ಒಳ್ಳೇದೇ ಆಗಿತ್ತು ಅನ್ನಿ" ಅಂದರು. ಕಣ್ಣಲ್ಲಿ ನೀರಿತ್ತು. ನಾನು ಹಸು ಸಾಕೋದನ್ನ ಮರೆತಿರಲಿಲ್ಲ ಅನ್ನೋ ಸಮಾಧಾನವೂ ಆ ಮಾತಿನಲ್ಲಿತ್ತು ಅಂತ ನನಗೆ ಅರ್ಥವಾಗೋಕೆ ವರ್ಷಗಳೇ ಬೇಕಾದವು.

ಈಗ ಬೆಂಗಳೂರಿನ ಆಫೀಸಿನಲ್ಲಿ ನಾನೂ ನಂಬರುಗಳನ್ನೇ ಓಡಿಸುತ್ತೀನಿ. ತಪ್ಪು ಸಿಕ್ಕರೆ ಸರಿಮಾಡಿ ಟಿಕೆಟ್ ಕ್ಲೋಸ್ ಮಾಡ್ತೀವಿ. ಅಷ್ಟು ದಿನ ಆ ತಪ್ಪು ನಂಬರು ಯಾರನ್ನ ಸೋಮಾರಿ ಅಂದಿತ್ತು, ಯಾರ ಪ್ರಮೋಷನ್ ತಪ್ಪಿಸಿತ್ತು ಅಂತ ಹುಡುಕಿಕೊಂಡು ಹೋಗಿ ಹೇಳೋರು ಎಷ್ಟು ಜನ? ನಾನೂ ಎಲ್ಲ ಸಲ ಹೋಗಿಲ್ಲ. ಹೋಗದೆ ಇದ್ದಾಗಲೆಲ್ಲ ರಿಪೇರಿ ಅರ್ಧಕ್ಕೇ ನಿಂತಿದೆ ಅನ್ನೋದು ಮಾತ್ರ ಗೊತ್ತಿರುತ್ತೆ.