ತೊಳೆದರೆ ಹೋಗುವ ಎಂಜಲು, ತೊಳೆದರೂ ಹೋಗದ ಎಂಜಲು

ಒಬ್ಬರು ಉಂಡ ತಟ್ಟೆಯಲ್ಲಿ ಇನ್ನೊಬ್ಬರು ಉಣ್ಣಬೇಕಾದರೆ ನಡುವೆ ಏನು ನಡೆಯಬೇಕು ಎಂಬುದು ಈ ನೆಲದ ಧರ್ಮಚಿಂತನೆಯಲ್ಲಿ ಬಹಳ ಹಳೆಯ ಪ್ರಶ್ನೆ. ಎಂಜಲು ಅಂದರೆ ತಟ್ಟೆಗೆ ಅಂಟಿದ ಅಗುಳು, ಜೊಲ್ಲು, ಜಿಡ್ಡು ಅಷ್ಟೇ ಆಗಿದ್ದರೆ ಅದನ್ನು ತೊಳೆದು ಕಳೆಯಬಹುದು. ಉಂಡವರ ಹುಟ್ಟಿನಿಂದ ಅದು ತಟ್ಟೆಗೆ ಬಂದಿದೆ ಎಂದು ನಂಬಿದರೆ ಯಾವ ನೀರಿಗೂ ಅದು ಬಿಡುವುದಿಲ್ಲ. ಕೈಯಿಂದ ತಿಕ್ಕಿ ತೊಳೆಯುವವರೆಗೆ ಈ ಎರಡೂ ಅರ್ಥಗಳು ಒಂದರೊಳಗೊಂದು ಬೆರೆತುಕೊಂಡಿದ್ದವು. ಚಲಿಸುವ ಪಟ್ಟಿಯ ಮೇಲೆ ಸಾವಿರಾರು ತಟ್ಟೆಗಳನ್ನು ಸಾಗಿಸಿ ತೊಳೆಯುವ ಯಂತ್ರಗಳು ಆಸ್ಪತ್ರೆ, ದೊಡ್ಡ ಹೋಟೆಲು, ಕಾರ್ಖಾನೆಯ ಕ್ಯಾಂಟೀನುಗಳಿಗೆ ಬಂದ ಮೇಲೆ ಅವು ಬೇರೆಬೇರೆಯಾಗಿ ಕಾಣಿಸುತ್ತಿವೆ.

ಆಂಧ್ರದ ಹಿಂದೂಪುರ, ಕಲ್ಯಾಣದುರ್ಗಗಳ ಕಡೆ ಈ ಪ್ರಶ್ನೆ ಪುಸ್ತಕದಲ್ಲಷ್ಟೇ ಇರುವುದಲ್ಲ. ಕನ್ನಡ, ತೆಲುಗು ಎರಡೂ ಮನೆಮಾತಾಗಿರುವ ಗಡಿನಾಡು ಇದು. ಹುಣಸೆಹಣ್ಣಿನ ಮಾರುಕಟ್ಟೆಗೆ ಹೆಸರಾದ ಹಿಂದೂಪುರ ಈಗ ಕೈಗಾರಿಕೆಯ ಊರೂ ಹೌದು. ಅದಿರುವ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲೇ, ಪೆನುಕೊಂಡದ ಬಳಿ, 2019ರಲ್ಲಿ ಕಿಯಾ ಕಾರು ಕಾರ್ಖಾನೆ ಆರಂಭವಾಯಿತು. ಊರಿನಲ್ಲಿ ಬೇರೆಬೇರೆ ಕೇರಿಗಳಲ್ಲಿ ಬಾಳುವವರು ಕಾರ್ಖಾನೆಯಲ್ಲಿ ಒಂದೇ ಪಾಳಿಯಲ್ಲಿ ದುಡಿದು ಒಂದೇ ರಾಶಿಯಿಂದ ತಟ್ಟೆ ಎತ್ತಿಕೊಳ್ಳುತ್ತಾರೆ. ಆ ತಟ್ಟೆಯಲ್ಲಿ ನಿನ್ನೆ ಯಾರು ಉಂಡರು ಎಂಬುದಕ್ಕೆ ಲೆಕ್ಕವೇ ಇರುವುದಿಲ್ಲ.

ಎಂಜಲನ್ನು, ಅಂದರೆ ಉಚ್ಛಿಷ್ಟವನ್ನು, ಶಾಸ್ತ್ರಗಳು ಒಂದೇ ಕಣ್ಣಿನಿಂದ ನೋಡಿಲ್ಲ. ಅಥರ್ವವೇದದ ಹನ್ನೊಂದನೆಯ ಕಾಂಡದ ಏಳನೆಯ ಸೂಕ್ತ ಯಜ್ಞದಲ್ಲಿ ಉಳಿದದ್ದನ್ನೇ ಲೋಕಗಳಿಗೆಲ್ಲ ಆಧಾರವೆಂದು ಹೊಗಳುತ್ತದೆ. ಮಹಾಭಾರತದ ಅಶ್ವಮೇಧಿಕ ಪರ್ವದ ಮುಂಗುಸಿಗೆ ಅರ್ಧ ಮೈ ಚಿನ್ನವಾದದ್ದು ಬಡವನೊಬ್ಬ ಅತಿಥಿಗೆ ಉಣಬಡಿಸಿದ ಜಾಗದ ಶೇಷದಿಂದ. ಆದರೆ ದಿನನಿತ್ಯದ ಬದುಕನ್ನು ಆಳಿದ್ದು ಈ ಕಥೆಗಳಲ್ಲ, ಧರ್ಮಶಾಸ್ತ್ರದ ದ್ರವ್ಯಶುದ್ಧಿಯ ನಿಯಮಗಳು. ಮನುಸ್ಮೃತಿಯ ಐದನೆಯ ಅಧ್ಯಾಯ ಈ ವಿಷಯದಲ್ಲಿ ಅಚ್ಚರಿಯಾಗುವಷ್ಟು ವ್ಯಾವಹಾರಿಕವಾಗಿದೆ. ಲೋಹದ, ಕಲ್ಲಿನ ಪಾತ್ರೆಗಳಿಗೆ ಬೂದಿ, ಮಣ್ಣು, ನೀರು. ತಾಮ್ರ, ಕಂಚು, ಹಿತ್ತಾಳೆಗಳಿಗೆ ಕ್ಷಾರ ಮತ್ತು ಹುಳಿ. ಮಣ್ಣಿನ ಮಡಕೆಯಾದರೆ ಮತ್ತೆ ಸುಡಬೇಕು. ಎಷ್ಟು ತೊಳೆಯಬೇಕು ಎಂಬುದಕ್ಕೂ ಅಳತೆಯಿದೆ: ಅಂಟಿದ ವಸ್ತುವಿನ ವಾಸನೆ ಮತ್ತು ಲೇಪ ಹೋಗುವವರೆಗೆ. ಬೂದಿಯಲ್ಲಿರುವುದು ಕ್ಷಾರ, ಅದು ಜಿಡ್ಡನ್ನು ಬಿಡಿಸುತ್ತದೆ; ಹುಣಸೆಹುಳಿ ಹಿತ್ತಾಳೆಯ ಕಿಲುಬನ್ನು ತೆಗೆಯುತ್ತದೆ. ಇಂದಿನ ಯಂತ್ರದಲ್ಲಿ ಬಳಸುವ ಮಾರ್ಜಕವೂ ಹೆಚ್ಚಾಗಿ ಕ್ಷಾರವೇ.

ಇದೇ ಗ್ರಂಥದ ಹತ್ತನೆಯ ಅಧ್ಯಾಯಕ್ಕೆ ಬಂದರೆ ಅಳತೆ ಬದಲಾಗುತ್ತದೆ. ಚಂಡಾಲರೆಂದು ಕರೆದವರನ್ನು ಅಲ್ಲಿ ಅಪಪಾತ್ರರೆಂದು ಊರ ಹೊರಗಿಡಲಾಗಿದೆ. ಅವರು ಉಂಡ ಪಾತ್ರೆ ಮತ್ತೆ ಬಳಕೆಗೆ ಬಾರದು, ಅವರಿಗೆ ಅನ್ನ ಕೊಡುವುದೂ ಒಡೆದ ಪಾತ್ರೆಯಲ್ಲಿ. ವಾಸನೆ, ಲೇಪಗಳ ಮಾತು ಇಲ್ಲಿ ಇಲ್ಲ. ಐದನೆಯ ಅಧ್ಯಾಯದಲ್ಲಿ ಕೊಳೆ ಪಾತ್ರೆಯ ಮೇಲಿರುತ್ತದೆ, ಹತ್ತನೆಯದರಲ್ಲಿ ಅದನ್ನು ಮನುಷ್ಯನ ಮೇಲೆ ಹೊರಿಸಲಾಗಿದೆ. ಮೊದಲನೆಯದು ಪರೀಕ್ಷೆಗೆ ಸಿಗುವ ಮಾತು. ಎರಡನೆಯದನ್ನು ಯಾವ ಪರೀಕ್ಷೆಯೂ ಮುಟ್ಟಲಾರದು, ಏಕೆಂದರೆ ತೊಳೆದ ಮೇಲೂ ಅದು ಉಳಿಯುತ್ತದೆ ಎಂಬುದೇ ಅದರ ನಂಬಿಕೆ.

ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಯಲ್ಲಿ ಈ ವಿಚಾರಕ್ಕೆ ಒದಗುವ ಒಂದು ವಸ್ತುವಿದೆ. ಹದಿನಾರನೆಯ ಶತಮಾನದ ವೀರಭದ್ರ ದೇವಾಲಯದ ಆವರಣದ ಬಂಡೆಯಲ್ಲಿ ತಟ್ಟೆಯಾಕಾರದ ಕುಳಿಗಳನ್ನು ಕೊರೆದಿದ್ದಾರೆ. ಗುಡಿ ಕಟ್ಟಿದ ಶಿಲ್ಪಿಗಳು ಅವುಗಳಲ್ಲಿ ಉಣ್ಣುತ್ತಿದ್ದರು ಎಂಬುದು ಸ್ಥಳೀಯರ ಮಾತು. ಚಾವಣಿಯ ಚಿತ್ರಗಳಿಗೆ ಬಣ್ಣ ಕಲಸಲು ಮಾಡಿದ್ದು ಎನ್ನುವವರೂ ಇದ್ದಾರೆ. ಊಟಕ್ಕೆಂದೇ ಕೊರೆದದ್ದಾದರೆ, ಆ ತಟ್ಟೆಗಳನ್ನು ಎತ್ತಿಡುವಂತಿಲ್ಲ, ಎಸೆಯುವಂತಿಲ್ಲ, ಇದು ನನ್ನದೆಂದು ಮನೆಗೆ ಒಯ್ಯುವಂತಿಲ್ಲ. ಒಬ್ಬ ಉಂಡೆದ್ದ ಜಾಗಕ್ಕೆ ನೀರು ಸುರಿದು ಇನ್ನೊಬ್ಬ ಕೂರಲೇಬೇಕು. ಹಂಪಿಯಲ್ಲೂ ಕಲ್ಲಿನ ಕಾಲುವೆಯ ಪಕ್ಕದಲ್ಲಿ ಸಾಲಾಗಿ ಇಂಥ ಕಲ್ಲಿನ ತಟ್ಟೆಗಳಿವೆ.

ಎಂಜಲನ್ನು ತತ್ತ್ವದ ನೆಲೆಯಲ್ಲೇ ನೇರವಾಗಿ ಎದುರಿಸಿದವರು ಹನ್ನೆರಡನೆಯ ಶತಮಾನದ ಶರಣರು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳೂ ಲಿಂಗವಂತರಿಗಿಲ್ಲ ಎಂಬುದು ಆ ಪರಂಪರೆಯ ನಿಲುವು. ಎಂಜಲಿನ ಸೂತಕವನ್ನೂ ಜಾತಿಯ ಸೂತಕವನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ಒಂದೇ ಉಸಿರಿನಲ್ಲಿ ಅಲ್ಲಗಳೆದದ್ದು ಆ ಚಿಂತನೆಯ ಸೂಕ್ಷ್ಮ. ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಂಡರೆ ಬಿಟ್ಟದ್ದು ಹಿಂಬಾಗಿಲಿನಿಂದ ಬರುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಶೇಷವನ್ನು ಪ್ರಸಾದವೆಂದು ಅಷ್ಟಾವರಣಗಳಲ್ಲಿ ಒಂದನ್ನಾಗಿ ಎಣಿಸಿದ್ದೂ, ದಾಸೋಹವನ್ನು ಧರ್ಮದ ನಡುವೆ ನಿಲ್ಲಿಸಿದ್ದೂ ಇದೇ ಕಾರಣಕ್ಕೆ. ಆದರೆ ಶೇಷಕ್ಕೆ ಮಹಿಮೆ ಕೊಟ್ಟ ಮಾತ್ರಕ್ಕೆ ಸಮಾನತೆ ಬರುವುದಿಲ್ಲ ಎಂಬುದಕ್ಕೆ ಮಡೆಸ್ನಾನವೇ ಸಾಕ್ಷಿ. ಬ್ರಾಹ್ಮಣರು ಉಂಡ ಎಲೆಗಳ ಮೇಲೆ ಉರುಳಿದರೆ ರೋಗ ಕಳೆಯುತ್ತದೆಂಬ ನಂಬಿಕೆಯಲ್ಲಿ ಎಂಜಲು ಔಷಧವಾಗುವುದು ಉಂಡವರ ಹುಟ್ಟಿನ ಬಲದಿಂದ. ಕರ್ನಾಟಕವು 2017ರಲ್ಲಿ ಅಮಾನವೀಯ ಪದ್ಧತಿಗಳ ವಿರುದ್ಧ ತಂದ ಕಾಯ್ದೆ ಅದನ್ನು ನಿಷೇಧಿಸಿತು.

ಈಗ ಯಂತ್ರದ ಕಡೆಗೆ. ಅಮೆರಿಕದ ಜೋಸೆಫೀನ್ ಕಾಕ್ರನ್ 1886ರಲ್ಲಿ ಪೇಟೆಂಟ್ ಪಡೆದ ಪಾತ್ರೆ ತೊಳೆಯುವ ಯಂತ್ರ 1893ರ ಷಿಕಾಗೋ ವಸ್ತುಪ್ರದರ್ಶನದಲ್ಲಿ ಜನರ ಗಮನ ಸೆಳೆಯಿತು. ಅದನ್ನು ಮೊದಲು ಕೊಂಡವರಲ್ಲಿ ಹೆಚ್ಚಿನವರು ಹೋಟೆಲಿನವರು. ಪಾತ್ರೆಗಳನ್ನು ತಂತಿಯ ಗೂಡುಗಳಲ್ಲಿ ನಿಲ್ಲಿಸಿ, ಉಜ್ಜುವುದರ ಬದಲು ಒತ್ತಡದ ನೀರನ್ನು ಎರಚುವುದು ಅದರ ಉಪಾಯ. ಪಟ್ಟಿಯ ಯಂತ್ರದಲ್ಲಿ ಇದೇ ಕೆಲಸ ಒಂದು ಉದ್ದನೆಯ ಸುರಂಗದೊಳಗೆ ಹಂತಹಂತವಾಗಿ ನಡೆಯುತ್ತದೆ. ಮೊದಲು ಉಗುರುಬೆಚ್ಚಗಿನ ನೀರು ಅಗುಳನ್ನು ಬಿಡಿಸುತ್ತದೆ. ಇಲ್ಲಿ ನೀರು ಹೆಚ್ಚು ಬಿಸಿಯಾದರೆ ಬೇಳೆ, ಮೊಟ್ಟೆಗಳ ಅಂಶ ತಟ್ಟೆಗೆ ಬೆಂದು ಅಂಟಿಕೊಳ್ಳುತ್ತದೆ. ಆಮೇಲೆ ಸುಮಾರು 55ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿಯ ಮಾರ್ಜಕದ ನೀರು. ಕೊನೆಗೆ 82 ಡಿಗ್ರಿಯ ಶುದ್ಧ ನೀರು. ತಟ್ಟೆಯ ಮೈ 71 ಡಿಗ್ರಿ ಮುಟ್ಟಿದರೆ ರೋಗಾಣುಗಳ ಮಟ್ಟಿಗೆ ಅದು ಸುರಕ್ಷಿತ ಎಂಬುದು ಅಮೆರಿಕದ ಮಾನದಂಡ. ಆ ಬಿಸಿಗೆ ತಟ್ಟೆ ಬಹುಮಟ್ಟಿಗೆ ತಾನೇ ಒಣಗುವುದರಿಂದ ಒರೆಸುವ ಬಟ್ಟೆಯ ಅಗತ್ಯ ಕಡಿಮೆ. ಬಟ್ಟೆ ತಪ್ಪಿದ್ದು ಸಣ್ಣ ಲಾಭವಲ್ಲ. ತೊಳೆದ ತಟ್ಟೆಗೆ ಕೊಳೆ ಮರಳುವುದು ಹಲವು ಸಲ ಆ ಬಟ್ಟೆಯಿಂದಲೇ. ಹೊರಹೋಗುವ ಹಬೆಯ ಶಾಖದಿಂದ ಒಳಬರುವ ತಣ್ಣೀರನ್ನು ಕಾಯಿಸುವುದು, ಪಟ್ಟಿಯ ಮೇಲೆ ತಟ್ಟೆ ಇಲ್ಲದಾಗ ನೀರನ್ನು ತಾನಾಗಿ ನಿಲ್ಲಿಸುವುದು ಇತ್ತೀಚಿನ ಸುಧಾರಣೆಗಳು.

ಹಿಂದೂಪುರ, ಕಲ್ಯಾಣದುರ್ಗಗಳಿರುವ, ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಅನಂತಪುರದ ಸೀಮೆಯಲ್ಲಿ ಈ ಸುಧಾರಣೆಗಳಿಗೆ ಬೇರೆಯೇ ಬೆಲೆ. ಹದಿನಾರು ಹದಿನೆಂಟು ತಟ್ಟೆ ಹಿಡಿಯುವ ಒಂದು ಬುಟ್ಟಿಗೆ ಒಳ್ಳೆಯ ಯಂತ್ರ ಎರಡು ಮೂರು ಲೀಟರ್ ಹೊಸ ನೀರು ತೆಗೆದುಕೊಳ್ಳುತ್ತದೆ. ಹರಿಯುವ ನಲ್ಲಿಯ ಕೆಳಗೆ ಅಷ್ಟರಲ್ಲಿ ಮುಗಿಸುವುದು ಕಷ್ಟ. ಆದರೆ ಇಲ್ಲಿನ ಕೊಳವೆಬಾವಿಗಳ ನೀರು ಗಡಸು. ಅದನ್ನು ಮೆದುಗೊಳಿಸದೆ ಕಾಯಿಸಿದರೆ ಯಂತ್ರದೊಳಗೆ ಸುಣ್ಣ ಕಟ್ಟುತ್ತದೆ, ತಟ್ಟೆಯ ಮೇಲೆ ಬಿಳಿ ಕಲೆ ನಿಲ್ಲುತ್ತದೆ.

ಆಚಾರವಂತರ ಆಕ್ಷೇಪ ಹುಟ್ಟುವುದೂ ಈ ಉಳಿತಾಯದ ವಿಧಾನದಿಂದಲೇ. ಕೊನೆಯ ಹಂತದ ನೀರು ಹಿಂದಿನ ತೊಟ್ಟಿಗೆ, ಅಲ್ಲಿಂದ ಅದರ ಹಿಂದಿನದಕ್ಕೆ ಇಳಿಯುತ್ತದೆ. ತೊಟ್ಟಿಯ ನೀರನ್ನೇ ಪಂಪು ಮತ್ತೆಮತ್ತೆ ಎರಚುತ್ತದೆ. ಸಾವಿರ ಜನರ ಎಂಜಲು ಒಂದೇ ನೀರಿನಲ್ಲಿ ಕಲೆತಂತಾಯಿತಲ್ಲ ಎಂಬುದು ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಕಲೆಯುವುದು ನಿಜ. ಆದರೆ ತಟ್ಟೆ ಮುಂದಕ್ಕೆ ಸಾಗಿದಂತೆ ನೀರು ಹಿಂದಕ್ಕೆ ಸಾಗುತ್ತದೆ. ಹೊರಬರುವ ತಟ್ಟೆಯನ್ನು ಕೊನೆಗೆ ಮುಟ್ಟುವುದು ಯಾರ ಎಂಜಲನ್ನೂ ಮುಟ್ಟದ ಹೊಸ ನೀರು. ಮುಸುರೆ ಪಾತ್ರೆಯನ್ನು ಎಷ್ಟು ಸಲ ಅದ್ದಿ ತಿಕ್ಕಿದರೂ ಕೊನೆಗೊಮ್ಮೆ ಮೇಲಿನಿಂದ ಬೇರೆ ನೀರು ಸುರಿಯಬೇಕೆಂಬ ಮಡಿಯ ಅಡುಗೆಮನೆಯ ಕ್ರಮವೂ ಇದನ್ನೇ ಕೇಳುತ್ತದೆ. ವಾಸನೆ, ಲೇಪಗಳ ಅಳತೆಯಿಂದ ನೋಡಿದರೆ ಯಂತ್ರದ ತಟ್ಟೆ ಶಾಸ್ತ್ರದ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಯಹೂದ್ಯರಲ್ಲೂ ಇದೇ ಬಗೆಯ ಚರ್ಚೆ ನಡೆದಿದೆ. ಮಾಂಸದ ಮತ್ತು ಹಾಲಿನ ಪಾತ್ರೆಗಳನ್ನು ಬೆರೆಸಬಾರದೆಂಬ ಅವರ ನಿಯಮದ ನಡುವೆಯೂ, ಬೇರೆಬೇರೆ ಬುಟ್ಟಿಗಳಿಟ್ಟು ಬೇರೆಬೇರೆ ಸರದಿಯಲ್ಲಿ ಒಂದೇ ಯಂತ್ರವನ್ನು ಬಳಸಬಹುದೆಂದು ನ್ಯೂಯಾರ್ಕಿನ ರಬ್ಬಿ ಮೋಶೆ ಫೈನ್‌ಸ್ಟೈನ್ ತೀರ್ಪು ಕೊಟ್ಟರು.

ಇನ್ನೊಂದು ಆಕ್ಷೇಪ ಭಕ್ತಿಯ ಕಡೆಯಿಂದ ಬರುತ್ತದೆ. ಸಿಖ್ಖರ ಲಂಗರಿನಲ್ಲಿ ಉಂಡವರ ತಟ್ಟೆ ತೊಳೆಯುವುದೇ ಸೇವೆ. ತಪ್ಪು ಮಾಡಿದ ದೊಡ್ಡ ನಾಯಕರಿಗೂ ಅವರ ಧರ್ಮಪೀಠವಾದ ಅಕಾಲ್ ತಖ್ತ್ ಆ ಕೆಲಸವನ್ನು ಪ್ರಾಯಶ್ಚಿತ್ತವಾಗಿ ವಿಧಿಸುವುದುಂಟು. ಯಂತ್ರ ಬಂದರೆ ಅಹಂಕಾರ ಕರಗಿಸುವ ಆ ದಾರಿ ಮುಚ್ಚೀತು ಎಂಬ ಭಯ ಅರ್ಥವಾಗುವಂಥದು. ಆದರೆ ಸೇವೆ ಸೇವೆಯಾಗುವುದು ಬಿಡುವ ಸ್ವಾತಂತ್ರ್ಯ ಇದ್ದವರು ತಾವಾಗಿ ಕೈಹಾಕಿದಾಗ. ಹೋಟೆಲಿನ ಹಿಂದಿನ ಮೋರಿಯ ಬಳಿ ದಿನವಿಡೀ ಸೋಪಿನ ನೀರಿನಲ್ಲಿ ಕೈ ಬೆಳ್ಳಗಾಗಿ ಬಿರಿಯುವವರಿಗೆ ಅದನ್ನು ಸೇವೆಯೆಂದು ಹೇಳುವ ಹಕ್ಕು ಬೇರೆಯವರಿಗಿಲ್ಲ. ಅವರ ಕೈಯನ್ನು ನೀರಿನಿಂದ ಬಿಡಿಸುವುದು ಯಂತ್ರದ ಅತಿ ದೊಡ್ಡ ಧರ್ಮಕಾರ್ಯ.

ಬಿಡಿಸಿದರೂ ಪೂರ್ತಿ ಬಿಡಿಸುವುದಿಲ್ಲ. ಸುರಂಗಕ್ಕೆ ಎರಡು ಬಾಯಿಗಳಿವೆ. ಒಂದು ಕಡೆ ಎಂಜಲು ತಟ್ಟೆಗಳಿಂದ ಉಳಿದದ್ದನ್ನು ತೆಗೆದು ಪಟ್ಟಿಗೆ ಜೋಡಿಸುವವರು, ಇನ್ನೊಂದು ಕಡೆ ಬಿಸಿ ತಟ್ಟೆಗಳನ್ನು ಎತ್ತಿಡುವವರು. ಕೊಳೆಯ ಕಡೆ ನಿಂತವರು ಕೈ ತೊಳೆಯದೆ ಶುದ್ಧ ತಟ್ಟೆ ಮುಟ್ಟಬಾರದೆಂಬುದು ಆರೋಗ್ಯದ ನಿಯಮ. ಮೇಲ್ನೋಟಕ್ಕೆ ಇದು ಮಡಿ ಮೈಲಿಗೆಯಂತೆಯೇ ಕಂಡರೂ, ಸೋಪು ಹಚ್ಚಿ ಕೈ ತೊಳೆದ ಕ್ಷಣಕ್ಕೆ ಮುಗಿದುಹೋಗುತ್ತದೆ. ಅದೇ ವ್ಯಕ್ತಿ ಆಮೇಲೆ ಶುದ್ಧ ಕಡೆಗೆ ಹೋಗಬಹುದು, ಅನ್ನ ಬಡಿಸಬಹುದು. ಒಂದೇ ಸಮುದಾಯದವರು ವರ್ಷಗಟ್ಟಲೆ ಕೊಳೆಯ ಬಾಯಲ್ಲೇ ನಿಂತಿದ್ದರೆ, ಬಡಿಸುವ ಸಾಲಿಗೆ ಅವರ ಸರದಿ ಎಂದೂ ಬಾರದಿದ್ದರೆ, ಅಲ್ಲಿ ನಡೆಯುತ್ತಿರುವುದು ಆರೋಗ್ಯದ ನಿಯಮವಲ್ಲ, ಮನುಸ್ಮೃತಿಯ ಹತ್ತನೆಯ ಅಧ್ಯಾಯ. ಯಂತ್ರ ಕೊಂಡ ಸಂಸ್ಥೆಯನ್ನು ಕೇಳಬೇಕಾದ ಮೊದಲ ಪ್ರಶ್ನೆ ಈ ಸರದಿಯದು.

ಸಾರ್ವಜನಿಕ ಹೋಟೆಲು, ಧರ್ಮಶಾಲೆಗಳಲ್ಲಿ ಎಲ್ಲರಿಗಾಗಿ ಇಟ್ಟ ಪಾತ್ರೆಗಳನ್ನು ಅಸ್ಪೃಶ್ಯತೆಯ ಕಾರಣದಿಂದ ಯಾರಿಗೂ ನಿರಾಕರಿಸಬಾರದೆಂದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ನಾಲ್ಕನೆಯ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಹಾಗಿದ್ದೂ ಹಳ್ಳಿಯ ಚಹಾ ಅಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಎರಡು ಲೋಟದ ಪದ್ಧತಿ ಆಂಧ್ರ, ಕರ್ನಾಟಕ ಎರಡರಲ್ಲೂ ಬಹುಕಾಲ ಉಳಿದಿತ್ತು. ಒಮ್ಮೆ ಬಳಸಿ ಎಸೆಯುವ ಲೋಟ ಬಂದ ಮೇಲೆ ಆ ಎರಡನೆಯ ಲೋಟ ಹಲವು ಕಡೆ ಕಣ್ಮರೆಯಾಯಿತು. ಮುತ್ತುಗದ ಎಲೆಯ ಊಟದಂತೆ ಅಲ್ಲೂ ಒಬ್ಬರ ಬಾಯಿಗೆ ಮುಟ್ಟಿದ್ದು ಇನ್ನೊಬ್ಬರ ಬಾಯಿಗೆ ಬರುವುದೇ ಇಲ್ಲ. ಹಾಗಾಗಿ ಎಂಜಲಿನ ಆ ಹಳೆಯ ಪ್ರಶ್ನೆಗೆ ಯಾರೂ ಉತ್ತರ ಹೇಳಬೇಕಾಗಿಲ್ಲ. ಒಂದೇ ರಾಶಿಯ ಸ್ಟೀಲ್ ತಟ್ಟೆಯನ್ನು ಎಲ್ಲರೂ ಬಳಸುವ ಊಟದ ಮನೆಯಲ್ಲಿ ಆ ಉತ್ತರವನ್ನು ಪ್ರತಿ ಹೊತ್ತೂ, ಪ್ರತಿಯೊಬ್ಬರೂ ಕೊಡಬೇಕಾಗುತ್ತದೆ.