ವ್ರತದ ಲೆಕ್ಕವಿಡುವ ಯಂತ್ರ

ದಶಲಕ್ಷಣ ಪರ್ವವು ಸಮೀಪಿಸುತ್ತಿದ್ದಂತೆ ಶ್ರಾವಕರ ಮನೆಗಳಲ್ಲಿ ಏಕಾಶನ, ಉಪವಾಸಗಳ ಸಂಕಲ್ಪ ಆರಂಭವಾಗುತ್ತದೆ. ಇಂದು ಅದರ ಸುದ್ದಿ ಮೊಬೈಲಿಗೂ ಬಂದಿದೆ. ಕನ್ನಡ, ಮರಾಠಿ, ಗುಜರಾತಿ ಮನೆಮಾತಿನವರು ಒಂದೇ ವಾಟ್ಸಾಪ್ ಬಳಗದಲ್ಲಿ ಸೇರಿ, ನಡೆದ ಹೆಜ್ಜೆಗಳನ್ನೂ ಮಾಡಿದ ಉಪವಾಸಗಳನ್ನೂ ಪರಸ್ಪರ ತಿಳಿಸುತ್ತಾರೆ. ಇದು ಧರ್ಮಕ್ಕೆ ಸಾಧಕವೋ, ಬಾಧಕವೋ?

ಯಂತ್ರದ ಉಪಕಾರವನ್ನು ಅಲ್ಲಗಳೆಯಲಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿರುವರೆಂದು ಅಂದಾಜಿಸಿತು. ದಿನವಿಡೀ ಅಂಗಡಿಯ ಗಾದಿಯ ಮೇಲೆ ಕುಳಿತಿರುವ ವ್ಯಾಪಾರಿಯನ್ನು ಒಂದು ಯಂತ್ರವು ಎಬ್ಬಿಸಿ ನಡೆಸಿದರೆ ಅದು ಒಳ್ಳೆಯದೇ. ದಿನಕ್ಕೆ 10,000 ಹೆಜ್ಜೆ ಎಂಬುದು ಮಾತ್ರ ಶಾಸ್ತ್ರವಚನವಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಉಪಕರಣವೊಂದರ ಹೆಸರಿನಿಂದ ಹರಡಿದ ಸಂಖ್ಯೆ ಅದು. ರಾತ್ರಿಭೋಜನ ತ್ಯಾಗಿಗಳಿಗೆ ಸೂರ್ಯಾಸ್ತದ ವೇಳೆಯನ್ನು ತಿಳಿಸುವ ಆ್ಯಪ್‌ಗಳೂ ಉಂಟು. ಅದರಲ್ಲಿ ಊರು ಮುಂಬಯಿ ಎಂದೇ ಉಳಿದಿದ್ದರೆ ಸೊಲ್ಲಾಪುರದವರು ಎಡವುತ್ತಾರೆ. ಇಲ್ಲಿ ಸೂರ್ಯನು ಋತುವಿಗನುಸಾರ 10ರಿಂದ 15 ನಿಮಿಷ ಮೊದಲೇ ಅಸ್ತಮಿಸುತ್ತಾನೆ. ಎರಡು ಘಳಿಗೆ, ಅಂದರೆ 48 ನಿಮಿಷ ಮುಂಚೆಯೇ ಊಟ ಮುಗಿಸುವ ಹಿರಿಯರಿಗೆ ಈ ತೊಡಕೇ ಇಲ್ಲ!

ನಿಜವಾದ ತೊಡಕು ಬೇರೆಡೆ ಇದೆ. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳಿಲ್ಲದವನೇ ವ್ರತಿ ಎಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಹತ್ತು ಮಂದಿಯ ಮೆಚ್ಚುಗೆಗಾಗಿ ಬರೆದ ಉಪವಾಸದಲ್ಲಿ ಶಲ್ಯವು ನುಸುಳದೆ ಇದ್ದೀತೆ? ನೋಡುವವರಿಗೂ ಅಪಾಯವುಂಟು. ಸಕ್ಕರೆ ರೋಗದ ಮಾತ್ರೆ ಸೇವಿಸುವ ಅತ್ತೆಯೊಬ್ಬರು ಆ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲವೆಂದು ನಾಚಿ, ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ಅಂತಹ ತಪಸ್ಸನ್ನು ಯಾರೂ ವಿಧಿಸಿಲ್ಲ. ಷೋಡಶಕಾರಣ ಭಾವನೆಗಳಲ್ಲಿ ಹೇಳಿರುವುದು ಶಕ್ತಿಗನುಸಾರವಾದ ತಪ. ಬಾಹ್ಯ ತಪಗಳು ಆರು. ಅನಶನವು ಅವುಗಳಲ್ಲಿ ಒಂದು ಮಾತ್ರ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವೂ, ತುಪ್ಪ, ಸಿಹಿಗಳನ್ನು ಬಿಡುವ ರಸಪರಿತ್ಯಾಗವೂ ತಪಗಳೇ. ವೈದ್ಯರನ್ನು ಕೇಳಿ ಆ ಅತ್ತೆಯವರು ಇವನ್ನು ಆಚರಿಸಬಹುದು.

ಆದುದರಿಂದ ಬಳಗದಲ್ಲಿ ಹೆಜ್ಜೆಗಳ ಲೆಕ್ಕವಿರಲಿ, ಸೂರ್ಯಾಸ್ತದ ಸೂಚನೆಯಿರಲಿ, ಔಷಧದ ವೇಳೆಯನ್ನು ನೆನಪಿಸುವ ಗಂಟೆಯೂ ಇರಲಿ. ಉಪವಾಸದ ಪಟ್ಟಿಯನ್ನು ಮಾತ್ರ ಅಲ್ಲಿಂದ ತೆಗೆಯುವುದು ಲೇಸು. ಪಾರಣೆಯ ದಿನ ಯಾರ ಮನೆಯಲ್ಲಿ ಯಾರು ಉಪವಾಸವಿದ್ದರೆಂಬುದು ನೆರೆಯವರಿಗೆ ಹೇಗೂ ತಿಳಿಯುತ್ತದೆ.